ಸಾಂಟಿಯಾಗೊ ರಮೋನ್ ಇ ಕಹಾಲ್

ಸಾಂಟಿಯಾಗೊ ರಮೋನ್ ಇ ಕಹಾಲ್ (೧ ಮೇ ೧೮೫೨ – ೧೭ ಅಕ್ಟೋಬರ್ ೧೯೩೪) ಸ್ಪೇನ್ ದೇಶದ ವೈದ್ಯ, ಅಂಗಾಂಶವಿಜ್ಞಾನಿ ಮತ್ತು ಪ್ರಾಧ್ಯಾಪಕ. ಮೆದುಳು, ಬೆನ್ನುಹುರಿ ಮತ್ತು ನರಗಳು ಒಂದರೊಡನೊಂದು ಬೆಸೆದುಕೊಂಡ ಅಖಂಡ ಜಾಲವಲ್ಲ, ಪ್ರತ್ಯೇಕವಾದ ಅಸಂಖ್ಯ ಜೀವಕೋಶಗಳ ವ್ಯವಸ್ಥೆ ಎಂಬುದನ್ನು ಸೂಕ್ಷ್ಮದರ್ಶಕದ ನೆರವಿನಿಂದ ತೋರಿಸಿಕೊಟ್ಟವರಲ್ಲಿ ಇವರು ಅಗ್ರಗಣ್ಯರು. ನರಕೋಶ ಸಿದ್ಧಾಂತವೆಂದು ಹೆಸರಾದ ಈ ವಿಚಾರವು ಆಧುನಿಕ ನರವಿಜ್ಞಾನದ ತಳಹದಿಯಾಗಿದೆ. ೧೯೦೬ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿಯವರೊಂದಿಗೆ ಇವರು ಶರೀರಕ್ರಿಯಾ ವಿಜ್ಞಾನ ಅಥವಾ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಕಹಾಲರು ಕೈಯಿಂದ ಬರೆದ ನರಕೋಶಗಳ ಚಿತ್ರಗಳು ಇಂದಿಗೂ ವಿದ್ಯಾರ್ಥಿಗಳ ಪಠ್ಯಪುಸ್ತಕಗಳಲ್ಲಿ ಮುದ್ರಣವಾಗುತ್ತಿವೆ.

ಸ್ಪೇನಿನ ಪದ್ಧತಿಯಂತೆ ಇವರ ಹೆಸರಿನಲ್ಲಿರುವ ರಮೋನ್ ಎಂಬುದು ತಂದೆಯ ಮನೆತನದ ಹೆಸರು, ಕಹಾಲ್ ಎಂಬುದು ತಾಯಿಯ ಮನೆತನದ ಹೆಸರು. ನಡುವೆ ಬರುವ ‘ಇ’ ಎಂಬುದಕ್ಕೆ ‘ಮತ್ತು’ ಎಂದರ್ಥ. ವಿಜ್ಞಾನ ಲೋಕದಲ್ಲಿ ಇವರು ಕಹಾಲ್ ಎಂದೇ ಪ್ರಸಿದ್ಧರು.

ಜನನ ಮತ್ತು ಬಾಲ್ಯ

ಕಹಾಲರು ಹುಟ್ಟಿದ್ದು ಪೆಟಿಲ್ಲಾ ದೆ ಅರಗೋನ್ ಎಂಬ ಬೆಟ್ಟದ ಹಳ್ಳಿಯಲ್ಲಿ. ಸುತ್ತಲೂ ಅರಗೋನ್ ಪ್ರಾಂತ್ಯವಿದ್ದರೂ ಈ ಹಳ್ಳಿ ಆಡಳಿತದ ದೃಷ್ಟಿಯಿಂದ ನವಾರಾ ಪ್ರಾಂತ್ಯಕ್ಕೆ ಸೇರಿದ್ದು. ತಂದೆ ಹುಸ್ತೊ ರಮೋನ್ ಬಡ ರೈತ ಕುಟುಂಬದವರು. ಹುಡುಗನಾಗಿದ್ದಾಗ ಕ್ಷೌರ ಮತ್ತು ಶಸ್ತ್ರಚಿಕಿತ್ಸೆಗಳೆರಡನ್ನೂ ಮಾಡುತ್ತಿದ್ದ ಹಳ್ಳಿಯ ಚಿಕಿತ್ಸಕನೊಬ್ಬನ ಬಳಿ ದುಡಿದು, ಸ್ವಂತ ಶ್ರಮದಿಂದ ಓದಿ ಮುಂದೆ ಪೂರ್ಣ ಪ್ರಮಾಣದ ವೈದ್ಯ ಪದವಿಯನ್ನು ಪಡೆದರು. ತಾಯಿ ಆಂಟೋನಿಯಾ ಕಹಾಲ್. ತಂದೆಯ ಉದ್ಯೋಗದ ನಿಮಿತ್ತ ಕುಟುಂಬವು ಲಾರೆಸ್, ಲೂನಾ, ವಲ್ಪಾಲ್ಮಾಸ್, ಅಯೆರ್ಬೆ ಮೊದಲಾದ ಊರುಗಳಲ್ಲಿ ನೆಲೆಸಬೇಕಾಯಿತು. ತಮ್ಮ ಪೆದ್ರೊ ಕೂಡ ಮುಂದೆ ವೈದ್ಯನೂ ಅಂಗಾಂಶವಿಜ್ಞಾನಿಯೂ ಆದನು.

ಮಗನ ಮೊದಲ ಗುರು ತಂದೆಯೇ. ವಲ್ಪಾಲ್ಮಾಸ್‌ನಲ್ಲಿದ್ದಾಗ ಊರಾಚೆಯ ಗುಹೆಯೊಂದರಲ್ಲಿ ಕುಳಿತು ತಂದೆ ಮಗನಿಗೆ ಫ್ರೆಂಚ್ ಭಾಷೆಯನ್ನು ಕಲಿಸಿದರು. ೧೮೬೦ರ ಜುಲೈ ತಿಂಗಳಿನಲ್ಲಿ ಸಂಭವಿಸಿದ ಪೂರ್ಣ ಸೂರ್ಯಗ್ರಹಣ ಎಂಟು ವರ್ಷದ ಬಾಲಕನ ಮನಸ್ಸಿನ ಮೇಲೆ ಆಳವಾದ ಪರಿಣಾಮ ಬೀರಿತು. ಖಗೋಳಶಾಸ್ತ್ರಜ್ಞರು ಮೊದಲೇ ತಿಳಿಸಿದ ಕ್ಷಣಕ್ಕೆ ಸರಿಯಾಗಿ ಸೂರ್ಯ ಮರೆಯಾದದ್ದು, ನಿಸರ್ಗದ ನಿಯಮಗಳನ್ನು ಮನುಷ್ಯನ ಬುದ್ಧಿ ಅರಿಯಬಲ್ಲದು ಎಂಬ ನಂಬಿಕೆಯನ್ನು ಅವರಲ್ಲಿ ಬಿತ್ತಿತು.

ಬಾಲಕ ಸಾಂಟಿಯಾಗೊನಿಗೆ ಚಿತ್ರಕಲೆಯ ಹುಚ್ಚು ವಿಪರೀತವಾಗಿತ್ತು. ಗೋಡೆ, ಬಾಗಿಲು, ಪುಸ್ತಕದ ಅಂಚು, ಎಲ್ಲವೂ ಅವನ ಚಿತ್ರಕ್ಕೆ ಹಾಳೆಗಳೇ. ಕಲೆ ಹೊಟ್ಟೆ ತುಂಬಿಸದು ಎಂದು ನಂಬಿದ್ದ ತಂದೆಗೆ ಇದು ಸಹಿಸಲಾಗದ ಸಂಗತಿ. ಅಯೆರ್ಬೆಯ ಚರ್ಚಿನ ಗೋಡೆಗಳಿಗೆ ಗಾರೆ ಹಚ್ಚಿ ಬಣ್ಣ ಬಳಿಯಲು ಬಂದಿದ್ದ ಕೆಲಸಗಾರನೊಬ್ಬನಿಗೆ ಮಗ ಬರೆದಿದ್ದ ಸಂತನ ಚಿತ್ರವನ್ನು ತೋರಿಸಿ ಅವರು ಅಭಿಪ್ರಾಯ ಕೇಳಿದರು. ಚಿತ್ರದಲ್ಲಿ ಯಾವ ಸತ್ವವೂ ಇಲ್ಲವೆಂದು ಆತ ತೀರ್ಪಿತ್ತನು. ಅಂದಿನಿಂದ ಮನೆಯಲ್ಲಿ ಬಣ್ಣ, ಕುಂಚಗಳಿಗೆ ನಿಷೇಧ ಬಿದ್ದಿತು. ಹುಡುಗನು ಕದ್ದುಮುಚ್ಚಿ ಚಿತ್ರ ಬರೆಯುವುದನ್ನು ಮುಂದುವರಿಸಿದನು.

ಶಾಲಾ ದಿನಗಳು

೧೮೬೧ರಲ್ಲಿ ಕಹಾಲರನ್ನು ಹಾಕಾ ಪಟ್ಟಣದಲ್ಲಿ ಪಾದ್ರಿಗಳು ನಡೆಸುತ್ತಿದ್ದ ಶಾಲೆಗೆ ಸೇರಿಸಲಾಯಿತು. ಅಲ್ಲಿ ಲ್ಯಾಟಿನ್ ವ್ಯಾಕರಣವನ್ನು ಅಕ್ಷರಶಃ ಬಾಯಿಪಾಠ ಒಪ್ಪಿಸಬೇಕಾಗಿತ್ತು. ತಪ್ಪಿದರೆ ಏಟು, ಉಪವಾಸ, ಕತ್ತಲೆಯ ಕೋಣೆ. ಕಂಡದ್ದನ್ನು ಚಿತ್ರವಾಗಿ ನೆನಪಿಟ್ಟುಕೊಳ್ಳುವ, ಆದರೆ ಪದಗಳ ಸರಣಿಯನ್ನು ಕಂಠಪಾಠ ಮಾಡಲಾಗದ ಈ ಬಾಲಕನು ಆ ಶಾಲೆಯಲ್ಲಿ ದಡ್ಡನೆನಿಸಿಕೊಂಡನು. ಅಯೆರ್ಬೆಗೆ ಮರಳಿದ ಕಾಲದಲ್ಲಿ ಮರದ ದಿಮ್ಮಿಯನ್ನು ಕೊರೆದು ತಾನೇ ಮಾಡಿದ ಫಿರಂಗಿಯಿಂದ ನೆರೆಯವರ ತೋಟದ ಬಾಗಿಲನ್ನು ಒಡೆದು ಹಾಕಿ, ಹನ್ನೊಂದರ ಪ್ರಾಯದಲ್ಲಿ ಕೆಲವು ದಿನ ಊರಿನ ಸೆರೆಮನೆಯಲ್ಲಿ ಕಳೆದದ್ದೂ ಉಂಟು.

೧೮೬೪ರಲ್ಲಿ ಹುಯೆಸ್ಕಾ ನಗರದ ಪ್ರೌಢಶಾಲೆಗೆ ಸೇರಿದರು. ಅಲ್ಲಿಯೂ ಓದು ಸರಿಯಾಗಿ ಸಾಗಲಿಲ್ಲ. ಬುದ್ಧಿ ಕಲಿಸಬೇಕೆಂದು ತಂದೆ ಮಗನನ್ನು ಮೊದಲು ಕ್ಷೌರಿಕನ ಬಳಿ, ನಂತರ ಚಮ್ಮಾರನ ಬಳಿ ಕೆಲಸಕ್ಕೆ ಬಿಟ್ಟರು. ಚಪ್ಪಲಿ ಹೊಲಿಯುವ ಕೆಲಸವನ್ನು ಹುಡುಗನು ಶ್ರದ್ಧೆಯಿಂದಲೇ ಕಲಿತನು. ಆಮೇಲೆ ಶಾಲೆಗೆ ಮರಳಿದಾಗ ಅವರಿಗೆ ಚಿತ್ರಕಲೆಯ ತರಗತಿಗೆ ಹೋಗುವ ಅವಕಾಶವೂ ದೊರೆಯಿತು.

ಅಂಗರಚನಾಶಾಸ್ತ್ರದ ಮೊದಲ ಪಾಠ

೧೮೬೮ರ ಬೇಸಿಗೆ ಕಹಾಲರ ಜೀವನದ ತಿರುವು. ಮಗನಿಗೆ ವೈದ್ಯಶಾಸ್ತ್ರದಲ್ಲಿ ಆಸಕ್ತಿ ಹುಟ್ಟಿಸಬೇಕೆಂದು ತಂದೆ ಬೇರೊಂದು ಮಾರ್ಗ ಹಿಡಿದರು. ಬೆಳದಿಂಗಳ ರಾತ್ರಿ ತಂದೆ ಮಗ ಇಬ್ಬರೂ ಊರಿನ ಸ್ಮಶಾನದ ಗೋಡೆಯನ್ನು ಹತ್ತಿ, ಹೊರಗೆ ಬಿದ್ದಿದ್ದ ಮೂಳೆಗಳನ್ನು ಆಯ್ದು ತಂದರು. ಮನೆಯ ಕಣಜದಲ್ಲಿ ಅವುಗಳನ್ನು ಹರಡಿಕೊಂಡು ಪಾಠ ಆರಂಭವಾಯಿತು. ಒಂದೊಂದು ಮೂಳೆಯ ಉಬ್ಬು, ತಗ್ಗು, ರಂಧ್ರಗಳನ್ನೂ ಕೈಯಿಂದ ಮುಟ್ಟಿ, ಕಣ್ಣಿಂದ ನೋಡಿ, ಕಾಗದದ ಮೇಲೆ ಬರೆದು ಕಲಿಯಬೇಕಾಗಿತ್ತು.

ಪುಸ್ತಕದ ಪಾಠದಿಂದ ದೂರ ಓಡುತ್ತಿದ್ದ ಹುಡುಗನಿಗೆ ಈ ಪಾಠ ಹಿಡಿಸಿತು. ಮೂಳೆಗಳ ಅಧ್ಯಯನವು ಅವನಿಗೆ ಚಿತ್ರಕಲೆಯ ಇನ್ನೊಂದು ರೂಪವಾಗಿ ಕಂಡಿತು. ತಂದೆಯ ಇಚ್ಛೆ ಮತ್ತು ಮಗನ ಒಲವು ಪರಸ್ಪರ ವಿರೋಧವಿಲ್ಲದೆ ಕೂಡಿದ್ದು ಇದೇ ಮೊದಲ ಸಲ. ಮುಂದೆ ಐವತ್ತು ವರ್ಷಗಳಿಗೂ ಮೀರಿ ಕಹಾಲರು ನಡೆಸಿದ ಸಂಶೋಧನೆಯ ಕ್ರಮವೂ ಇದೇ ಆಗಿತ್ತು: ನೋಡುವುದು, ಬರೆಯುವುದು, ಮತ್ತೆ ನೋಡುವುದು.

ವೈದ್ಯಕೀಯ ವಿದ್ಯಾಭ್ಯಾಸ

ಕಹಾಲರು ಸರಗೋಸಾ ನಗರದ ವೈದ್ಯಕೀಯ ಶಾಲೆಯಲ್ಲಿ ಓದಿದರು. ಅದೇ ಕಾಲಕ್ಕೆ ತಂದೆಯೂ ಅಲ್ಲಿ ಶವಚ್ಛೇದನದ ಬೋಧಕರಾಗಿ ಬಂದಿದ್ದರು. ಶವಚ್ಛೇದನದ ಕೊಠಡಿಯಲ್ಲಿ ತಂದೆಯ ಜೊತೆ ದುಡಿದ ಮಗನು ವಿದ್ಯಾರ್ಥಿಯಾಗಿರುವಾಗಲೇ ಛೇದನ ಸಹಾಯಕನಾಗಿ ನೇಮಕಗೊಂಡನು. ಅವರು ಬರೆದ ಅಂಗರಚನೆಯ ವರ್ಣಚಿತ್ರಗಳನ್ನು ಕಂಡು, ಒಂದು ಕಾಲದಲ್ಲಿ ಕುಂಚವನ್ನು ನಿಷೇಧಿಸಿದ್ದ ತಂದೆಯೇ ಅವುಗಳನ್ನು ಸಂಪುಟವಾಗಿ ಪ್ರಕಟಿಸಲು ಹಂಬಲಿಸಿದರು. ಸರಗೋಸಾದ ಅಂದಿನ ಮುದ್ರಣ ವ್ಯವಸ್ಥೆಯಲ್ಲಿ ಅದು ಕೈಗೂಡಲಿಲ್ಲ.

ಆ ಕಾಲದ ಸ್ಪೇನಿನ ವೈದ್ಯಕೀಯ ಶಿಕ್ಷಣದಲ್ಲಿ ಸೂಕ್ಷ್ಮದರ್ಶಕಕ್ಕೆ ಬಹಳ ಕಡಿಮೆ ಸ್ಥಾನವಿತ್ತು. ಜೀವಕೋಶದ ವಿಷಯವನ್ನು ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದ ವಿದ್ಯಾರ್ಥಿ ಜೀವಕೋಶವನ್ನು ಕಣ್ಣಾರೆ ನೋಡದೆಯೇ ಪದವಿ ಪಡೆಯುವುದು ಸಾಮಾನ್ಯವಾಗಿತ್ತು. ಕಹಾಲರೂ ೧೮೭೩ರಲ್ಲಿ, ತಮ್ಮ ೨೧ನೆಯ ವಯಸ್ಸಿನಲ್ಲಿ, ವೈದ್ಯ ಪದವಿ ಪಡೆದದ್ದು ಇಂತಹ ವ್ಯವಸ್ಥೆಯಲ್ಲಿಯೇ.

ಕ್ಯೂಬಾದಲ್ಲಿ ಸೇನಾ ವೈದ್ಯ

ಪದವಿ ಪಡೆದ ಕೂಡಲೇ ಕಹಾಲರು ಕಡ್ಡಾಯ ಸೇನಾ ಸೇವೆಗೆ ಒಳಪಟ್ಟರು. ೧೮೭೪ರಲ್ಲಿ ಅವರನ್ನು ಅಂದು ಸ್ಪೇನಿನ ವಸಾಹತಾಗಿದ್ದ ಕ್ಯೂಬಾಕ್ಕೆ ಸೇನಾ ವೈದ್ಯರನ್ನಾಗಿ ಕಳುಹಿಸಲಾಯಿತು. ಸ್ವಾತಂತ್ರ್ಯಕ್ಕಾಗಿ ಅಲ್ಲಿನ ಜನ ಯುದ್ಧ ನಡೆಸುತ್ತಿದ್ದ ಕಾಲವದು. ಕಾಡು ಮತ್ತು ಜೌಗುಪ್ರದೇಶಗಳ ನಡುವಿನ ಸೇನಾ ಚಿಕಿತ್ಸಾಲಯಗಳಲ್ಲಿ ಗುಂಡೇಟಿಗಿಂತ ರೋಗದಿಂದ ನರಳುತ್ತಿದ್ದ ಸೈನಿಕರೇ ಹೆಚ್ಚು. ರೋಗಿಗಳಿಗೆ ಮೀಸಲಾದ ಆಹಾರವನ್ನು ಕೆಲವರು ಅಪಹರಿಸುವುದನ್ನು ಕಂಡು ಕಹಾಲರು ಪ್ರತಿಭಟಿಸಿ ಮೇಲಧಿಕಾರಿಗಳ ವಿರೋಧ ಕಟ್ಟಿಕೊಂಡರು. ಸ್ವತಃ ಮಲೇರಿಯಾ ಮತ್ತು ಆಮಶಂಕೆಗಳಿಂದ ಜರ್ಝರಿತರಾಗಿ ೧೮೭೫ರಲ್ಲಿ ಸ್ವದೇಶಕ್ಕೆ ಮರಳಿದರು.

ಆರೋಗ್ಯವನ್ನು ಕಳೆದುಕೊಂಡು ಬಂದ ಅವರ ಕೈಯಲ್ಲಿ ಸೇನಾ ವೇತನದ ಅಲ್ಪ ಉಳಿತಾಯವಿತ್ತು. ೧೮೭೭ರಲ್ಲಿ ಡಾಕ್ಟರೇಟ್ ಪರೀಕ್ಷೆಗೆಂದು ಮ್ಯಾಡ್ರಿಡ್‌ಗೆ ಹೋದಾಗ ಪ್ರಾಧ್ಯಾಪಕ ಔರೆಲಿಯಾನೊ ಮಾಯೆಸ್ತ್ರೆ ದೆ ಸಾನ್ ಹುವಾನ್ ಅವರ ಪ್ರಯೋಗಾಲಯದಲ್ಲಿ ಅಂಗಾಂಶಗಳ ಉತ್ತಮ ಮಾದರಿಗಳನ್ನು ಕಂಡು ಬೆರಗಾದರು. ಸರಗೋಸಾಕ್ಕೆ ಮರಳಿ ಆ ಉಳಿತಾಯದಿಂದ ಸೂಕ್ಷ್ಮದರ್ಶಕವೊಂದನ್ನು ಕೊಂಡು, ಮನೆಯ ಅಟ್ಟದಲ್ಲಿ ಸ್ವಂತ ಪ್ರಯೋಗಾಲಯ ಹೂಡಿದರು. ಮಾರ್ಗದರ್ಶಕರಿರಲಿಲ್ಲ, ಫ್ರೆಂಚ್ ಪುಸ್ತಕಗಳೇ ಗುರುಗಳು.

ಕಾಯಿಲೆ, ವಿವಾಹ ಮತ್ತು ಪ್ರಾಧ್ಯಾಪಕ ವೃತ್ತಿ

೧೮೭೮ರಲ್ಲಿ ಕಹಾಲರಿಗೆ ಕ್ಷಯರೋಗ ತಗಲಿ ರಕ್ತ ಕಾರಿಕೊಂಡರು. ಅಂದು ಕ್ಷಯಕ್ಕೆ ಔಷಧವಿರಲಿಲ್ಲ. ಪಿರನೀಸ್ ಪರ್ವತ ಪ್ರದೇಶದ ಪಾಂತಿಕೋಸಾ ಮತ್ತು ಸಾನ್ ಹುವಾನ್ ದೆ ಲಾ ಪೆನ್ಯಾಗಳಲ್ಲಿ ವಿಶ್ರಾಂತಿ ಪಡೆದು ಚೇತರಿಸಿಕೊಂಡರು. ಆ ಬಿಡುವಿನಲ್ಲಿ ಛಾಯಾಗ್ರಹಣವು ಅವರ ಸಂಗಾತಿಯಾಯಿತು. ೧೮೭೯ರಲ್ಲಿ ಸಿಲ್ವೇರಿಯಾ ಫನ್ಯಾನಾಸ್ ಗಾರ್ಸಿಯಾ ಅವರನ್ನು ವಿವಾಹವಾದರು. ದಂಪತಿಗಳಿಗೆ ಏಳು ಮಕ್ಕಳು ಜನಿಸಿದರು.

೧೮೮೩ರ ಕೊನೆಯಲ್ಲಿ ಸ್ಪರ್ಧಾ ಪರೀಕ್ಷೆಯ ಮೂಲಕ ವೆಲೆನ್ಸಿಯಾ ವಿಶ್ವವಿದ್ಯಾಲಯದ ಅಂಗರಚನಾಶಾಸ್ತ್ರ ಪ್ರಾಧ್ಯಾಪಕ ಹುದ್ದೆಗೆ ಆಯ್ಕೆಯಾದರು. ೧೮೮೫ರಲ್ಲಿ ಕಾಲರಾ ಹಬ್ಬಿದಾಗ ಆ ರೋಗದ ಸೂಕ್ಷ್ಮಾಣುವನ್ನು ಅಧ್ಯಯನ ಮಾಡಿ ಸರಗೋಸಾ ಪ್ರಾಂತ್ಯದ ಆಡಳಿತಕ್ಕೆ ವರದಿ ಸಲ್ಲಿಸಿದರು. ಕೃತಜ್ಞತೆಯ ಕುರುಹಾಗಿ ಆಡಳಿತವು ಅವರಿಗೆ ಜರ್ಮನಿಯ ಝೈಸ್ ಸಂಸ್ಥೆಯ ಉತ್ತಮ ಸೂಕ್ಷ್ಮದರ್ಶಕವನ್ನು ಕಾಣಿಕೆಯಾಗಿ ನೀಡಿತು. ಯುರೋಪಿನ ದೊಡ್ಡ ಪ್ರಯೋಗಾಲಯಗಳಲ್ಲಿದ್ದಂತಹ ಉಪಕರಣ ಅವರ ಕೈಗೆ ಬಂದದ್ದು ಹೀಗೆ. ೧೮೮೭ರಲ್ಲಿ ಅವರು ಬಾರ್ಸಿಲೋನಾ ವಿಶ್ವವಿದ್ಯಾಲಯಕ್ಕೆ ಅಂಗಾಂಶವಿಜ್ಞಾನದ ಪ್ರಾಧ್ಯಾಪಕರಾಗಿ ವರ್ಗಾವಣೆಗೊಂಡರು.

ಜಾಲವೋ, ಕೋಶಗಳೋ?

ದೇಹದ ಎಲ್ಲ ಅಂಗಗಳೂ ಜೀವಕೋಶಗಳಿಂದಾಗಿವೆ ಎಂಬುದು ೧೯ನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಸ್ಥಿರಪಟ್ಟಿತ್ತು. ಮೆದುಳು ಮಾತ್ರ ಇದಕ್ಕೆ ಅಪವಾದದಂತೆ ಕಾಣುತ್ತಿತ್ತು. ಮೆದುಳಿನ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕಾಣುತ್ತಿದ್ದುದು ಎಳೆಗಳ ದಟ್ಟವಾದ ಪೊದೆ. ಯಾವ ಎಳೆ ಯಾವ ಕೋಶದ್ದು, ಎಲ್ಲಿ ಮುಗಿಯುತ್ತದೆ ಎಂದು ಹೇಳುವಂತಿರಲಿಲ್ಲ. ಜರ್ಮನಿಯ ಜೋಸೆಫ್ ಫಾನ್ ಗೆರ್ಲಾಖ್ ಮೊದಲಾದವರು ಈ ಎಳೆಗಳು ಒಂದರೊಡನೊಂದು ಕೂಡಿಕೊಂಡು ಅಖಂಡ ಜಾಲವಾಗಿವೆ ಎಂದು ಪ್ರತಿಪಾದಿಸಿದ್ದರು. ಇದಕ್ಕೆ ಜಾಲ ಸಿದ್ಧಾಂತವೆಂದು ಹೆಸರು.

ಈ ಪ್ರಶ್ನೆ ಕೇವಲ ರಚನೆಗೆ ಸಂಬಂಧಿಸಿದ್ದಲ್ಲ. ಮೆದುಳು ಅಖಂಡ ಜಾಲವಾಗಿದ್ದರೆ ಒಂದೆಡೆ ಹುಟ್ಟಿದ ಸಂದೇಶವು ಎಲ್ಲ ಕಡೆಗೂ ಹರಿಯಬೇಕು. ಅದಕ್ಕೆ ನಿಶ್ಚಿತ ದಾರಿ ಇರಲಾರದು. ಪ್ರತ್ಯೇಕ ಕೋಶಗಳಿದ್ದರೆ ಸಂದೇಶಕ್ಕೆ ದಾರಿ ಇದೆ, ದಿಕ್ಕಿದೆ, ಕೋಶದಿಂದ ಕೋಶಕ್ಕೆ ದಾಟುವ ಗಡಿ ಇದೆ. ನೋಡುವುದು, ಚಲಿಸುವುದು, ಕಲಿಯುವುದು, ಮರೆಯುವುದು ಇವೆಲ್ಲವುಗಳ ವಿವರಣೆ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿತ್ತು.

೧೮೭೩ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿ ಹೊಸ ವರ್ಣಲೇಪನ ವಿಧಾನವೊಂದನ್ನು ಪ್ರಕಟಿಸಿದರು. ನರ ಅಂಗಾಂಶವನ್ನು ಮೊದಲು ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣದಲ್ಲಿ ಗಟ್ಟಿಗೊಳಿಸಿ, ನಂತರ ಬೆಳ್ಳಿಯ ನೈಟ್ರೇಟ್ ದ್ರಾವಣದಲ್ಲಿ ಮುಳುಗಿಸಿದರೆ ಕೆಲವೇ ಕೆಲವು ನರಕೋಶಗಳು ಅಡಿಯಿಂದ ಮುಡಿಯವರೆಗೆ ಕಪ್ಪಾಗುತ್ತವೆ. ಉಳಿದವು ಬಣ್ಣವಿಲ್ಲದೆ ಉಳಿಯುತ್ತವೆ. ಹಳದಿ ಹಿನ್ನೆಲೆಯ ಮೇಲೆ ಕಪ್ಪು ಶಾಯಿಯಲ್ಲಿ ಬರೆದ ಮರದಂತೆ ಇಡೀ ಕೋಶ ಕಾಣುತ್ತದೆ. ಎಲ್ಲ ಕೋಶಗಳಿಗೂ ಬಣ್ಣ ಹಿಡಿಯದಿರುವುದೇ ಈ ವಿಧಾನದ ಗುಣ. ಗಾಲ್ಜಿಯವರು ಇದರಿಂದ ಅನೇಕ ಶೋಧಗಳನ್ನು ಮಾಡಿದರೂ, ನರತಂತುಗಳು ಕೊನೆಯಲ್ಲಿ ಜಾಲವಾಗಿ ಕೂಡುತ್ತವೆಂದೇ ನಂಬಿದ್ದರು. ೧೮೮೦ರ ದಶಕದಲ್ಲಿ ವಿಲ್‌ಹೆಲ್ಮ್ ಹಿಸ್ ಮತ್ತು ಆಗಸ್ಟ್ ಫೋರೆಲ್ ಅವರು ಕೋಶಗಳು ಸ್ವತಂತ್ರವೆಂಬ ಅಭಿಪ್ರಾಯವನ್ನು ಮುಂದಿಟ್ಟಿದ್ದರು. ಅದಕ್ಕೆ ಸ್ಪಷ್ಟವಾದ ಪ್ರತ್ಯಕ್ಷ ಸಾಕ್ಷ್ಯ ಬೇಕಾಗಿತ್ತು.

೧೮೮೮ರ ಶೋಧಗಳು

೧೮೮೭ರಲ್ಲಿ ಮ್ಯಾಡ್ರಿಡ್‌ನ ಮನೋವೈದ್ಯ ಲೂಯಿಸ್ ಸಿಮಾರೊ ಅವರ ಮನೆಯಲ್ಲಿ ಕಹಾಲರು ಗಾಲ್ಜಿ ವಿಧಾನದಿಂದ ಸಿದ್ಧಪಡಿಸಿದ ಮಾದರಿಯನ್ನು ಮೊದಲ ಬಾರಿಗೆ ನೋಡಿದರು. ವಿಧಾನ ಬೆಳಕಿಗೆ ಬಂದು ಹದಿನಾಲ್ಕು ವರ್ಷಗಳಾಗಿದ್ದರೂ ಅದು ಚಂಚಲವಾದದ್ದೆಂದು ಹೆಚ್ಚಿನವರು ಕೈಬಿಟ್ಟಿದ್ದರು. ಒಮ್ಮೆ ಫಲಿಸಿದರೆ ಹಲವು ಬಾರಿ ವಿಫಲವಾಗುತ್ತಿತ್ತು. ಕಹಾಲರು ಬಾರ್ಸಿಲೋನಾದಲ್ಲಿ ಅದನ್ನು ಹಿಡಿದು ಪಟ್ಟು ಬಿಡದೆ ಸುಧಾರಿಸಿದರು.

ಅವರ ಯಶಸ್ಸಿಗೆ ಎರಡು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು, ಬೆಳ್ಳಿಯ ಲೇಪನವನ್ನು ಎರಡು ಬಾರಿ ಮಾಡಿ, ಸೀಳುಗಳನ್ನು ದಪ್ಪವಾಗಿಟ್ಟು, ಎಳೆಗಳನ್ನು ಬಹುದೂರದವರೆಗೆ ಅನುಸರಿಸುವಂತೆ ಮಾಡಿದ್ದು. ಎರಡನೆಯದು, ಬೆಳೆದ ಪ್ರಾಣಿಗಳ ಬದಲು ಭ್ರೂಣಗಳನ್ನೂ ಎಳೆಯ ಪಕ್ಷಿ ಮತ್ತು ಸಸ್ತನಿಗಳನ್ನೂ ಆರಿಸಿಕೊಂಡದ್ದು. ಬೆಳೆದ ಮೆದುಳಿನಲ್ಲಿ ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಕವಚವಿರುತ್ತದೆ. ಬೆಳ್ಳಿ ಅದರೊಳಗೆ ಹೋಗುವುದಿಲ್ಲ. ಎಳೆಯ ಮೆದುಳಿನಲ್ಲಿ ಆ ಕವಚವಿನ್ನೂ ಮೂಡಿರುವುದಿಲ್ಲ, ಎಳೆಗಳೂ ಗಿಡ್ಡವಾಗಿರುತ್ತವೆ. ದಟ್ಟವಾಗಿ ಬೆಳೆದ ಕಾಡನ್ನು ಬಿಟ್ಟು ಸಸಿಗಳ ತೋಪನ್ನು ಅಧ್ಯಯನ ಮಾಡಿದಂತಹ ಉಪಾಯವಿದು.

ಪಕ್ಷಿಗಳ ಕಿರುಮೆದುಳಿನಲ್ಲಿ ಕಹಾಲರು ಕಂಡದ್ದು ಹೀಗೆ: ಕೆಲವು ಕೋಶಗಳ ತಂತುಗಳು ಬುಟ್ಟಿಯ ಹಾಗೆ ಪರ್ಕಿಂಜೆ ಕೋಶಗಳ ದೇಹವನ್ನು ಸುತ್ತುವರಿಯುತ್ತವೆ, ಆದರೆ ಅದರೊಂದಿಗೆ ಬೆಸೆದುಕೊಳ್ಳುವುದಿಲ್ಲ. ತಂತುವಿನ ತುದಿ ಸ್ವತಂತ್ರವಾಗಿ ಕೊನೆಗೊಳ್ಳುತ್ತದೆ. ಪ್ರತಿ ನರಕೋಶವೂ ತನ್ನಷ್ಟಕ್ಕೆ ಪೂರ್ಣವಾದ ಘಟಕ. ಅವುಗಳ ನಡುವಿನ ಸಂಬಂಧ ಸಾಮೀಪ್ಯದ್ದೇ ಹೊರತು ಐಕ್ಯದ್ದಲ್ಲ. ಡೆಂಡ್ರೈಟ್‌ಗಳ ಮೇಲಿನ ಸೂಕ್ಷ್ಮವಾದ ಮುಳ್ಳುಗಳಂತಹ ಚಾಚಿಕೆಗಳನ್ನು ಕೂಡ ಅವರು ಅದೇ ವರ್ಷ ವರ್ಣಿಸಿದರು. ಇತರರು ಅವುಗಳನ್ನು ಲೇಪನದ ದೋಷವೆಂದು ತಳ್ಳಿಹಾಕಿದಾಗ ಕಹಾಲರು ಬೇರೊಂದು ಬಣ್ಣದಿಂದಲೂ ಅವುಗಳನ್ನು ತೋರಿಸಿ ಸಮರ್ಥಿಸಿಕೊಂಡರು.

ಈ ಶೋಧಗಳನ್ನು ಪ್ರಕಟಿಸಲು ೧೮೮೮ರ ಮೇ ತಿಂಗಳಲ್ಲಿ ಕಹಾಲರು ಸ್ವಂತ ಖರ್ಚಿನಿಂದ ತ್ರೈಮಾಸಿಕ ಪತ್ರಿಕೆಯೊಂದನ್ನು ಹೊರಡಿಸಿದರು. ಅಚ್ಚಾದ ಪ್ರತಿಗಳು ಸುಮಾರು ೬೦ ಮಾತ್ರ. ಅವುಗಳಲ್ಲಿ ಹೆಚ್ಚಿನವು ವಿದೇಶಗಳ ವಿಜ್ಞಾನಿಗಳಿಗೆ ಹೋದವು. ಪ್ರಾಧ್ಯಾಪಕನ ಸಾಧಾರಣ ಸಂಬಳದಲ್ಲಿ ಬೆಳೆಯುತ್ತಿದ್ದ ಸಂಸಾರ, ಪ್ರಯೋಗಾಲಯ ಮತ್ತು ಪತ್ರಿಕೆ ಮೂರನ್ನೂ ತೂಗಿಸಬೇಕಾಗಿತ್ತು. ಆ ಭಾರವನ್ನು ಬಹುಮಟ್ಟಿಗೆ ಹೊತ್ತವರು ಪತ್ನಿ ಸಿಲ್ವೇರಿಯಾ. ಬಾರ್ಸಿಲೋನಾದ ಆ ವರ್ಷಗಳಲ್ಲಿಯೇ ದಂಪತಿಗಳು ಮಗಳೊಬ್ಬಳನ್ನು ಕಾಯಿಲೆಯಿಂದ ಕಳೆದುಕೊಂಡರು. ಬಿಡುವಿನ ಗಂಟೆಗಳನ್ನು ಚದುರಂಗ ನುಂಗುತ್ತಿದೆಯೆಂದು ಅರಿತ ಕಹಾಲರು ತಮಗೆ ಬಹು ಪ್ರಿಯವಾಗಿದ್ದ ಆ ಆಟವನ್ನೂ ಬಿಟ್ಟರು.

ಬರ್ಲಿನ್ ಸಮ್ಮೇಳನ

ಸ್ಪ್ಯಾನಿಷ್ ಭಾಷೆಯ ಪತ್ರಿಕೆಯನ್ನು ಓದುವ ವಿಜ್ಞಾನಿಗಳು ಯುರೋಪಿನಲ್ಲಿ ಬಹಳ ವಿರಳ. ಕಳುಹಿಸಿದ ಪ್ರತಿಗಳಿಗೆ ಮೌನವೇ ಉತ್ತರವಾಯಿತು. ಆದ್ದರಿಂದ ೧೮೮೯ರ ಅಕ್ಟೋಬರ್‌ನಲ್ಲಿ ಕಹಾಲರು ಉಳಿತಾಯವನ್ನೆಲ್ಲ ಕೂಡಿಸಿ, ತಮ್ಮ ಸೂಕ್ಷ್ಮದರ್ಶಕ ಮತ್ತು ಮಾದರಿಗಳೊಂದಿಗೆ ಬರ್ಲಿನ್‌ನಲ್ಲಿ ನಡೆದ ಜರ್ಮನ್ ಅಂಗರಚನಾಶಾಸ್ತ್ರ ಸಂಘದ ಸಮ್ಮೇಳನಕ್ಕೆ ಹೋದರು. ಅಲ್ಲಿ ಮೇಜಿನ ಮೇಲೆ ಮಾದರಿಗಳನ್ನು ಜೋಡಿಸಿಟ್ಟು, ತಡವರಿಸುವ ಫ್ರೆಂಚ್‌ನಲ್ಲಿ ವಿವರಿಸುತ್ತ ನೋಡಲು ಕರೆದರು. ಸ್ಪೇನಿನಿಂದ ಬಂದ ಅಪರಿಚಿತನ ಬಗ್ಗೆ ಮೊದಲು ಉದಾಸೀನರಾಗಿದ್ದವರು ಮಾದರಿಗಳ ಸ್ಪಷ್ಟತೆಯನ್ನು ಕಂಡು ಸುತ್ತ ನೆರೆದರು.

ಅವರಲ್ಲಿ ಆ ಕಾಲದ ಅಂಗಾಂಶವಿಜ್ಞಾನಿಗಳ ಪೈಕಿ ಹಿರಿಯರಾದ ಆಲ್ಬರ್ಟ್ ಫಾನ್ ಕೋಲಿಕರ್ ಇದ್ದರು. ಜಾಲ ಸಿದ್ಧಾಂತದ ಕಡೆಗಿದ್ದ ಅವರು ಕಂಡದ್ದನ್ನು ಒಪ್ಪಿ ತಮ್ಮ ನಿಲುವನ್ನು ಬದಲಾಯಿಸಿದರು. ಕಹಾಲರ ಲೇಖನಗಳನ್ನು ಮೂಲದಲ್ಲಿ ಓದುವುದಕ್ಕಾಗಿ ೭೦ ದಾಟಿದ ವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿತರು. ೧೮೯೧ರಲ್ಲಿ ವಿಲ್‌ಹೆಲ್ಮ್ ಫಾನ್ ವಾಲ್ಡೆಯರ್ ಅವರು ಕಹಾಲ್ ಮತ್ತಿತರರ ಶೋಧಗಳನ್ನು ಕ್ರೋಡೀಕರಿಸಿ ಬರೆದ ಲೇಖನದಲ್ಲಿ ನರಕೋಶಕ್ಕೆ ನ್ಯೂರಾನ್ ಎಂಬ ಹೆಸರಿಟ್ಟರು. ಹೆಸರು ವಾಲ್ಡೆಯರ್ ಅವರದು. ಅದರ ಹಿಂದಿನ ಸಾಕ್ಷ್ಯಗಳಲ್ಲಿ ಬಹುಪಾಲು ಕಹಾಲರದು.

ಮ್ಯಾಡ್ರಿಡ್ ವರ್ಷಗಳು ಮತ್ತು ಪ್ರಮುಖ ಕೊಡುಗೆಗಳು

೧೮೯೨ರಲ್ಲಿ ಕಹಾಲರು ಮ್ಯಾಡ್ರಿಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ೧೯೨೨ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ಬೋಧಿಸಿದರು. ಈ ಅವಧಿಯಲ್ಲಿ ಮತ್ತು ಅದರ ಆಸುಪಾಸಿನಲ್ಲಿ ಅವರು ನೀಡಿದ ಮುಖ್ಯ ಕೊಡುಗೆಗಳು ಇವು:

ಸಂದೇಶದ ದಿಕ್ಕು: ನರಕೋಶದಲ್ಲಿ ಸಂದೇಶವು ಡೆಂಡ್ರೈಟ್‌ಗಳು ಮತ್ತು ಕೋಶದೇಹದ ಕಡೆಯಿಂದ ಬಂದು ಆಕ್ಸಾನ್ ಮೂಲಕ ಹೊರಗೆ ಹೋಗುತ್ತದೆ ಎಂದು ಕಹಾಲರು ೧೮೯೧ರಲ್ಲಿ ಪ್ರತಿಪಾದಿಸಿದರು. ಅಕ್ಷಿಪಟಲ ಮತ್ತು ಘ್ರಾಣೇಂದ್ರಿಯದ ನರಮಾರ್ಗಗಳಲ್ಲಿ ಕೋಶಗಳು ಜೋಡಣೆಗೊಂಡ ಕ್ರಮದಿಂದಲೇ ಈ ದಿಕ್ಕನ್ನು ಊಹಿಸಿದರು. ಅವರ ಚಿತ್ರಗಳಲ್ಲಿ ಕಾಣುವ ಚಿಕ್ಕ ಬಾಣದ ಗುರುತುಗಳು ಈ ವಿಚಾರವನ್ನೇ ಸೂಚಿಸುತ್ತವೆ.

ಬೆಳವಣಿಗೆಯ ಶಂಕು: ಭ್ರೂಣದಲ್ಲಿ ಬೆಳೆಯುತ್ತಿರುವ ನರತಂತುವಿನ ತುದಿಯಲ್ಲಿ ಶಂಕುವಿನಾಕಾರದ ಉಬ್ಬು ಇರುವುದನ್ನು ೧೮೯೦ರಲ್ಲಿ ವರ್ಣಿಸಿದರು. ಸುತ್ತಲಿನ ರಾಸಾಯನಿಕ ದ್ರವ್ಯಗಳ ಆಕರ್ಷಣೆಯಿಂದ ತಂತು ತನ್ನ ಗುರಿಯ ಕಡೆಗೆ ಸಾಗುತ್ತದೆ ಎಂದು ಅನಂತರ ಸೂಚಿಸಿದರು. ಅಂತಹ ದ್ರವ್ಯಗಳು ಪತ್ತೆಯಾದದ್ದು ಅವರ ಮರಣಾನಂತರ.

ಕಲಿಕೆಯ ನೆಲೆ: ೧೮೯೪ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಕ್ರೂನಿಯನ್ ಉಪನ್ಯಾಸ ನೀಡುವ ಗೌರವ ಅವರಿಗೆ ದೊರೆಯಿತು. ಆಗ ಅವರು ಚಾರ್ಲ್ಸ್ ಶೆರಿಂಗ್ಟನ್ ಅವರ ಮನೆಯಲ್ಲಿ ಅತಿಥಿಯಾಗಿದ್ದರು. ಮಾನಸಿಕ ಅಭ್ಯಾಸದಿಂದ ನರಕೋಶಗಳ ನಡುವಿನ ಸಂಪರ್ಕಗಳು ವೃದ್ಧಿಯಾಗುತ್ತವೆ ಎಂಬ ವಿಚಾರವನ್ನು ಆ ಉಪನ್ಯಾಸದಲ್ಲಿ ಮುಂದಿಟ್ಟರು. ಕೋಶಗಳ ನಡುವಿನ ಸಂಧಿಸ್ಥಾನಕ್ಕೆ ಸಿನಾಪ್ಸ್ ಎಂಬ ಹೆಸರನ್ನು ೧೮೯೭ರಲ್ಲಿ ಬಳಕೆಗೆ ತಂದವರು ಇದೇ ಶೆರಿಂಗ್ಟನ್.

ಮಹಾಗ್ರಂಥ: ಮನುಷ್ಯ ಮತ್ತು ಕಶೇರುಕಗಳ ನರಮಂಡಲದ ರಚನೆಯನ್ನು ಕುರಿತ ಅವರ ಬೃಹತ್ ಕೃತಿ ೧೮೯೯ರಿಂದ ೧೯೦೪ರವರೆಗೆ ಪ್ರಕಟವಾಯಿತು. ೧೯೦೯–೧೯೧೧ರಲ್ಲಿ ಲಿಯೋನ್ ಅಜೂಲೆ ಮಾಡಿದ ಫ್ರೆಂಚ್ ಅನುವಾದದ ಮೂಲಕ ಅದು ಲೋಕಪ್ರಸಿದ್ಧವಾಯಿತು. ನರಗಳ ಕ್ಷಯ ಮತ್ತು ಪುನರುತ್ಪತ್ತಿಯನ್ನು ಕುರಿತ ಇನ್ನೊಂದು ಕೃತಿ ೧೯೧೩–೧೯೧೪ರಲ್ಲಿ ಹೊರಬಂದಿತು.

ಹೊಸ ಲೇಪನ ವಿಧಾನಗಳು: ೧೯೦೩ರಲ್ಲಿ ಬೆಳ್ಳಿಯ ನೈಟ್ರೇಟ್ ಅಪಕರ್ಷಣ ವಿಧಾನವನ್ನೂ, ೧೯೧೩ರಲ್ಲಿ ಆಸ್ಟ್ರೊಸೈಟ್ ಎಂಬ ಪೋಷಕ ಕೋಶಗಳನ್ನು ತೋರಿಸುವ ಚಿನ್ನದ ಲವಣದ ವಿಧಾನವನ್ನೂ ರೂಪಿಸಿದರು.

೧೯೦೬ರ ನೊಬೆಲ್ ಪ್ರಶಸ್ತಿ

ನರಮಂಡಲದ ರಚನೆಯ ಅಧ್ಯಯನಕ್ಕಾಗಿ ೧೯೦೬ರ ಪ್ರಶಸ್ತಿಯನ್ನು ಗಾಲ್ಜಿ ಮತ್ತು ಕಹಾಲ್ ಇಬ್ಬರಿಗೂ ಜಂಟಿಯಾಗಿ ನೀಡಲಾಯಿತು. ಒಬ್ಬರು ವಿಧಾನವನ್ನು ಕಂಡುಹಿಡಿದವರು. ಇನ್ನೊಬ್ಬರು ಅದೇ ವಿಧಾನದಿಂದ ಮೊದಲನೆಯವರ ನಂಬಿಕೆಗೆ ವಿರುದ್ಧವಾದ ನಿರ್ಣಯಕ್ಕೆ ಬಂದವರು. ೧೮೮೯ರಲ್ಲಿ ಕಹಾಲರು ಇಟಲಿಯ ಪಾವಿಯಾಕ್ಕೆ ಹೋಗಿದ್ದಾಗ ಗಾಲ್ಜಿ ಊರಲ್ಲಿರಲಿಲ್ಲ. ಹೀಗಾಗಿ ಇಬ್ಬರೂ ಮುಖಾಮುಖಿಯಾದದ್ದು ಸ್ಟಾಕ್‌ಹೋಮ್‌ನಲ್ಲಿಯೇ.

ಡಿಸೆಂಬರ್ ೧೧ರಂದು ಮಾಡಿದ ಭಾಷಣದಲ್ಲಿ ಗಾಲ್ಜಿಯವರು ನರಕೋಶ ಸಿದ್ಧಾಂತವನ್ನೇ ಖಂಡಿಸಿ ಜಾಲದ ಪರವಾಗಿ ವಾದಿಸಿದರು. ಮರುದಿನ ಕಹಾಲರು ತಮ್ಮ ಭಾಷಣದಲ್ಲಿ ಗಾಲ್ಜಿ ವಿಧಾನದ ಮಹತ್ವವನ್ನು ಗೌರವದಿಂದ ಸ್ಮರಿಸುತ್ತಲೇ ಸ್ವತಂತ್ರ ಕೋಶಗಳ ಸಾಕ್ಷ್ಯಗಳನ್ನು ಮಂಡಿಸಿದರು. ಒಂದೇ ಪ್ರಶಸ್ತಿಯನ್ನು ಪಡೆದ ಇಬ್ಬರು ಒಂದೇ ವೇದಿಕೆಯಲ್ಲಿ ಪರಸ್ಪರ ವಿರುದ್ಧ ಸಿದ್ಧಾಂತಗಳನ್ನು ಪ್ರತಿಪಾದಿಸಿದ ಈ ಪ್ರಸಂಗ ವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ವಿವಾದವು ಪೂರ್ಣವಾಗಿ ಬಗೆಹರಿದದ್ದು ೧೯೫೦ರ ದಶಕದಲ್ಲಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಸಿನಾಪ್ಸ್‌ನಲ್ಲಿ ಎರಡು ಕೋಶಗಳ ಪೊರೆಗಳನ್ನೂ ನಡುವಿನ ಕಿರಿದಾದ ಅಂತರವನ್ನೂ ತೋರಿಸಿದಾಗ ಇಬ್ಬರೂ ಬದುಕಿರಲಿಲ್ಲ.

ಶಿಷ್ಯರು ಮತ್ತು ಸಂಸ್ಥೆಗಳು

೧೯೦೭ರಲ್ಲಿ ಸ್ಥಾಪನೆಯಾದ, ಪ್ರತಿಭಾವಂತ ವಿದ್ಯಾರ್ಥಿಗಳನ್ನು ವಿದೇಶಗಳಿಗೆ ಕಳುಹಿಸಿ ಓದಿಸುವ ಸರ್ಕಾರಿ ಮಂಡಳಿಗೆ ಕಹಾಲರು ಅಧ್ಯಕ್ಷರಾದರು. ಸಚಿವ ಪದವಿಯನ್ನು ನಿರಾಕರಿಸಿದ ಅವರು ಈ ಹೊಣೆಯನ್ನು ಮಾತ್ರ ಬಹುಕಾಲ ನಿರ್ವಹಿಸಿದರು. ಹೋರ್ಹೆ ಫ್ರಾನ್ಸಿಸ್ಕೊ ತೆಯೊ, ನಿಕೊಲಾಸ್ ಅಚೂಕಾರೊ, ಪಿಯೊ ದೆಲ್ ರಿಯೊ ಓರ್ತೆಗಾ, ಫೆರ್ನಾಂಡೊ ದೆ ಕಾಸ್ತ್ರೊ, ರಫಾಯೆಲ್ ಲೊರೆಂತೆ ದೆ ನೊ ಇವರ ಪ್ರಯೋಗಾಲಯದಿಂದ ಹೊರಬಂದ ಪ್ರಮುಖ ವಿಜ್ಞಾನಿಗಳು. ಆಸ್ಟ್ರೇಲಿಯಾದ ವೈದ್ಯೆ ಲಾರಾ ಫಾರ್ಸ್ಟರ್ ಕೂಡ ಅಲ್ಲಿ ಸಂಶೋಧನೆ ನಡೆಸಿದ್ದರು.

ಗುರುಶಿಷ್ಯ ಸಂಬಂಧ ಎಲ್ಲ ಕಾಲದಲ್ಲಿಯೂ ಸುಗಮವಾಗಿರಲಿಲ್ಲ. ರಿಯೊ ಓರ್ತೆಗಾ ಅವರು ಮೆದುಳಿನ ಮೈಕ್ರೊಗ್ಲಿಯಾ ಮತ್ತು ಆಲಿಗೊಡೆಂಡ್ರೊಗ್ಲಿಯಾ ಕೋಶಗಳನ್ನು ಗುರುತಿಸಿದರು. ಇವುಗಳಲ್ಲಿ ಎರಡನೆಯದನ್ನು ಒಪ್ಪಲು ಕಹಾಲರು ಹಿಂಜರಿದರು. ಪ್ರಯೋಗಾಲಯದ ಒಳಜಗಳಗಳೂ ಸೇರಿ ೧೯೨೦ರಲ್ಲಿ ರಿಯೊ ಓರ್ತೆಗಾ ಅಲ್ಲಿಂದ ಹೊರಹೋಗಬೇಕಾಯಿತು. ಶಿಷ್ಯನ ಶೋಧವೇ ಸರಿಯೆಂದು ಕಾಲ ತೋರಿಸಿತು.

ಇತರ ಬರಹಗಳು ಮತ್ತು ಆಸಕ್ತಿಗಳು

ಸಂಶೋಧನೆಗೆ ಕಾಲಿಡುವ ಯುವಕರಿಗಾಗಿ ಬರೆದ ಸಲಹೆಗಳ ಪುಸ್ತಕವು ೧೮೯೭ರ ಉಪನ್ಯಾಸವೊಂದರಿಂದ ಬೆಳೆದು ಅನೇಕ ಮುದ್ರಣಗಳನ್ನೂ ಅನುವಾದಗಳನ್ನೂ ಕಂಡಿತು. ಅಸಾಧಾರಣ ಪ್ರತಿಭೆಗಿಂತ ಏಕಾಗ್ರತೆ ಮತ್ತು ದೀರ್ಘ ಪರಿಶ್ರಮಗಳೇ ಸಂಶೋಧಕನಿಗೆ ಮುಖ್ಯವೆಂಬುದು ಅದರ ಸಾರ. ಓದುತ್ತಲೇ ಉಳಿದು ಏನನ್ನೂ ಮಾಡದವರು, ಉಪಕರಣಗಳ ಸಂಗ್ರಹದಲ್ಲಿಯೇ ತೃಪ್ತರಾಗುವವರು, ಪ್ರಯೋಗವಿಲ್ಲದೆ ಸಿದ್ಧಾಂತ ಕಟ್ಟುವವರು ಮುಂತಾದವರ ಇಚ್ಛಾಶಕ್ತಿಯ ರೋಗಗಳನ್ನು ಅವರು ಅಲ್ಲಿ ವಿನೋದವಾಗಿ ವಿಂಗಡಿಸಿದ್ದಾರೆ. ಆತ್ಮಕಥೆ, ಗುಪ್ತನಾಮದಲ್ಲಿ ಬರೆದ ಕಥೆಗಳು, ವರ್ಣ ಛಾಯಾಗ್ರಹಣವನ್ನು ಕುರಿತ ಗ್ರಂಥ (೧೯೧೨) ಅವರ ಇತರ ಕೃತಿಗಳು.

ಕೊನೆಯ ದಿನಗಳು

೧೯೩೦ರಲ್ಲಿ ಪತ್ನಿ ಸಿಲ್ವೇರಿಯಾ ನಿಧನರಾದರು. ಆರೋಗ್ಯ ಕುಂದಿದ್ದರೂ ಕಹಾಲರು ಬರವಣಿಗೆಯನ್ನು ನಿಲ್ಲಿಸಲಿಲ್ಲ. ಜಾಲ ಸಿದ್ಧಾಂತ ಮತ್ತೆ ತಲೆಯೆತ್ತುತ್ತಿರುವುದನ್ನು ಕಂಡು, ನರಕೋಶ ಸಿದ್ಧಾಂತದ ಸಾಕ್ಷ್ಯಗಳನ್ನೆಲ್ಲ ಒಟ್ಟುಗೂಡಿಸಿ ೧೯೩೩ರಲ್ಲಿ ದೀರ್ಘ ಲೇಖನವೊಂದನ್ನು ಪ್ರಕಟಿಸಿದರು. ಎಂಬತ್ತರ ವಯಸ್ಸಿನಲ್ಲಿ ಕಂಡ ಜಗತ್ತನ್ನು ಕುರಿತ ಪುಸ್ತಕ ೧೯೩೪ರಲ್ಲಿ ಹೊರಬಂದಿತು. ಅದೇ ವರ್ಷ ಅಕ್ಟೋಬರ್ ೧೭ರಂದು ಮ್ಯಾಡ್ರಿಡ್‌ನಲ್ಲಿ ಕೊನೆಯುಸಿರೆಳೆದರು.

ನರವಿಜ್ಞಾನದ ಅಧ್ಯಯನದಲ್ಲಿ ಕಹಾಲರ ಸ್ಥಾನ

ಕಹಾಲರ ಕಾಲದಲ್ಲಿ ನರವಿಜ್ಞಾನವೆಂಬ ಪ್ರತ್ಯೇಕ ಪದವಿ ಇರಲಿಲ್ಲ. ಮೆದುಳನ್ನು ಅರಿಯಬಯಸಿದವರು ವೈದ್ಯಶಾಸ್ತ್ರ, ಅಂಗರಚನಾಶಾಸ್ತ್ರ ಅಥವಾ ಪ್ರಾಣಿಶಾಸ್ತ್ರದ ಮೂಲಕ ಬರಬೇಕಾಗಿತ್ತು. ೨೦ನೆಯ ಶತಮಾನದ ಉತ್ತರಾರ್ಧದಲ್ಲಿ ಅಂಗರಚನೆ, ಶರೀರಕ್ರಿಯೆ, ರಸಾಯನಶಾಸ್ತ್ರ ಮತ್ತು ಮನಶ್ಶಾಸ್ತ್ರಗಳು ಒಂದೆಡೆ ಕೂಡಿ ನರವಿಜ್ಞಾನವೆಂಬ ಸ್ವತಂತ್ರ ವಿಷಯ ರೂಪುಗೊಂಡಿತು. ೧೯೬೯ರಲ್ಲಿ ಅಮೆರಿಕದಲ್ಲಿ ನರವಿಜ್ಞಾನ ಸಂಘ ಸ್ಥಾಪನೆಯಾಯಿತು; ೧೯೭೦ರ ದಶಕದಿಂದ ಅಲ್ಲಿನ ಕಾಲೇಜುಗಳಲ್ಲಿ ಸ್ನಾತಕ ಮಟ್ಟದ ಪದವಿಯೂ ಆರಂಭಗೊಂಡಿತು. ಅಂತಹ ಪಠ್ಯಕ್ರಮಗಳ ಆರಂಭದ ಪಾಠಗಳಾದ ನರಕೋಶದ ಭಾಗಗಳು, ಸಂದೇಶ ಸಾಗುವ ದಿಕ್ಕು, ಸಂಪರ್ಕಗಳ ರಚನೆ ಮೊದಲಾದವು ಕಹಾಲರು ಹಾಕಿದ ಅಡಿಪಾಯದ ಮೇಲೆಯೇ ನಿಂತಿವೆ.

ಅವರ ಎಲ್ಲ ಅಭಿಪ್ರಾಯಗಳೂ ಹಾಗೆಯೇ ಉಳಿದಿಲ್ಲ. ಕೆಲವು ನರಕೋಶಗಳ ನಡುವೆ ವಿದ್ಯುತ್ ನೇರವಾಗಿ ಹರಿಯುವ ಸೂಕ್ಷ್ಮ ಸಂಧಿಗಳಿರುವುದು ಮುಂದೆ ತಿಳಿದುಬಂದಿತು. ಬೆಳೆದ ಮೆದುಳಿನ ನರಮಾರ್ಗಗಳು ಸ್ಥಿರವಾದವು, ಅಲ್ಲಿ ಹೊಸ ಹುಟ್ಟಿಗೆ ಅವಕಾಶವಿಲ್ಲ ಎಂಬ ಅವರ ನಿರ್ಣಯವನ್ನೂ ನಂ‌ತರದ ಸಂಶೋಧನೆಗಳು ಭಾಗಶಃ ತಿದ್ದಿವೆ. ಈ ನಿರ್ಣಯವನ್ನು ಬದಲಾಯಿಸುವ ಸಾಧ್ಯತೆಯನ್ನು ಮುಂದಿನ ಪೀಳಿಗೆಯ ವಿಜ್ಞಾನಕ್ಕೆ ಕಹಾಲರೇ ಬಿಟ್ಟುಕೊಟ್ಟಿದ್ದರು.

ಕಹಾಲರ ಸಾವಿರಾರು ಚಿತ್ರಗಳು ಮತ್ತು ಮಾದರಿಗಳು ಮ್ಯಾಡ್ರಿಡ್‌ನಲ್ಲಿ ಸಂರಕ್ಷಿತವಾಗಿವೆ. ಇವರ ಮತ್ತು ಇವರ ಶಿಷ್ಯಪರಂಪರೆಯ ದಾಖಲೆಗಳನ್ನು ಯುನೆಸ್ಕೊ ೨೦೧೭ರಲ್ಲಿ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಬಾಲ್ಯವನ್ನು ಕಳೆದ ಅಯೆರ್ಬೆಯಲ್ಲಿ ಇವರ ಜೀವನವನ್ನು ಪರಿಚಯಿಸುವ ಕೇಂದ್ರವಿದೆ.